ಹದಿನಾರರ ಹುಡುಗ ಕಾಲೇಜು ಬಿಟ್ಟಿದ್ದಾನೆ: ಯಾರಿಗೆ ತಿಳಿಸಬೇಕು, ತಿಳಿಸಿದ ಮೇಲೆ ಏನಾಗುತ್ತದೆ?

ಲಗ್ಗೆರೆಯಲ್ಲಿ ಮನೆಪಾಠ ನಡೆಸುವ ನೀವು ಬರೆದಿರುವುದನ್ನು ನಾನು ಹೀಗೆ ಅರ್ಥಮಾಡಿಕೊಂಡಿದ್ದೇನೆ. ಪ್ರಥಮ ಪಿಯುಸಿಯ ಹುಡುಗ ದಸರಾ ರಜೆಯ ನಂತರ ಕಾಲೇಜಿಗೂ ಬರುತ್ತಿಲ್ಲ, ಪಾಠಕ್ಕೂ ಬರುತ್ತಿಲ್ಲ. ತಂದೆ ಕುಡಿಯುತ್ತಾರೆ, ಹುಡುಗ ರಾತ್ರಿಪಾಳಿಯಲ್ಲಿ ಯಾವುದೋ ವರ್ಕ್‌ಶಾಪಿನಲ್ಲಿ ದುಡಿಯುತ್ತಾನೆ. ಒಮ್ಮೆ ಮಾತಿನ ನಡುವೆ "ನಾನು ಇದ್ದೂ ಏನು ಪ್ರಯೋಜನ" ಎಂದಿದ್ದಾನೆ. ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿದರೆ ಅವನನ್ನು ಬಾಲಮಂದಿರಕ್ಕೆ ಒಯ್ದುಬಿಡುತ್ತಾರೆ ಎಂಬ ಭಯದಿಂದ ಸುಮ್ಮನಿದ್ದೀರಿ. ಇದೇ ನಗರದ ಸರ್ಕಾರಿ ಪದವಿಪೂರ್ವ ಕಾಲೇಜೊಂದರಲ್ಲಿ ಪಾಠ ಮಾಡುತ್ತಾ, ತೊಂದರೆಯಲ್ಲಿರುವ ವಿದ್ಯಾರ್ಥಿಗಳನ್ನು ನೆರವಿರುವ ಕಡೆಗೆ ಕಳಿಸುವ ಜವಾಬ್ದಾರಿಯನ್ನು ಹನ್ನೊಂದು ವರ್ಷ ಹೊತ್ತವನಾಗಿ ಉತ್ತರಿಸುತ್ತಿದ್ದೇನೆ.

ಮೊದಲು ಆ ಒಂದು ಮಾತಿನ ವಿಚಾರ. ಅದನ್ನು ನಾಳೆಗೆ ಬಿಡಬೇಡಿ. "ಸಾಯಬೇಕು ಅನ್ನಿಸುತ್ತಿದೆಯೇನಪ್ಪಾ?" ಎಂದು ನೇರವಾಗಿಯೇ ಕೇಳಿ; ಕೇಳಿದ್ದರಿಂದ ಆ ಯೋಚನೆ ಹೊಸದಾಗಿ ಹುಟ್ಟುವುದಿಲ್ಲ, ಎಷ್ಟೋ ಸಲ ಹೇಳಿಕೊಳ್ಳಲು ದಾರಿಯಾಗುತ್ತದೆ. ಹೌದು ಎಂದರೆ ಅವನನ್ನು ಒಂಟಿಯಾಗಿ ಬಿಡದೆ ಮನೆಯವರಿಗೆ ತಿಳಿಸಿ, ನಿಮ್ಹಾನ್ಸ್‌ನ ತುರ್ತು ವಿಭಾಗಕ್ಕೋ ಹತ್ತಿರದ ಆಸ್ಪತ್ರೆಗೋ ಕರೆದೊಯ್ಯಿರಿ. ಅಷ್ಟು ತುರ್ತಿಲ್ಲದಿದ್ದರೂ 2022ರ ಅಕ್ಟೋಬರಿನಲ್ಲಿ ಆರಂಭವಾದ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆ ಹಗಲುರಾತ್ರಿ ಉಚಿತವಾಗಿ ಸಿಗುತ್ತದೆ, ಕನ್ನಡದಲ್ಲೇ ಮಾತನಾಡಬಹುದು. ಮೊದಲು ಆಪ್ತಸಮಾಲೋಚಕರು ಮಾತನಾಡುತ್ತಾರೆ, ಅಗತ್ಯ ಕಂಡರೆ ಮನೋವೈದ್ಯರಿಗೆ ಕರೆ ದಾಟಿಸುತ್ತಾರೆ. ಹೇಗೆ ಮಾತನಾಡಬೇಕೆಂದು ಕೇಳಲು ನೀವೂ ಕರೆ ಮಾಡಬಹುದು.

ಇನ್ನು ನಿಮ್ಮ ಭಯ. 2015ರ ಬಾಲನ್ಯಾಯ ಕಾಯ್ದೆ ಮಗುವನ್ನು ಸಂಸ್ಥೆಗೆ ಸೇರಿಸುವುದನ್ನು ಕಟ್ಟಕಡೆಯ ಕ್ರಮವೆಂದೇ ಕರೆಯುತ್ತದೆ. 1098ರ ಕರೆ ಈಗ ಮಹಿಳಾ ಮತ್ತು ಮಕ್ಕಳ ಇಲಾಖೆಯ ವ್ಯವಸ್ಥೆಗೆ ಹೋಗಿ, ಅಲ್ಲಿಂದ ಜಿಲ್ಲೆಯ ಮಕ್ಕಳ ಸಹಾಯವಾಣಿ ಘಟಕಕ್ಕೆ ತಲುಪುತ್ತದೆ. ಪ್ರಕರಣ ಅಧ್ಯಕ್ಷರೂ ಸೇರಿ ಐವರಿರುವ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಬಂದರೆ, ಸಾಮಾಜಿಕ ಕಾರ್ಯಕರ್ತರೊಬ್ಬರು ಮನೆಯ ಪರಿಸ್ಥಿತಿಯನ್ನು ಹದಿನೈದು ದಿನಗಳೊಳಗೆ ವಿಚಾರಿಸಿ ವರದಿ ಕೊಡಬೇಕು. ಬಹಳಷ್ಟು ಪ್ರಕರಣಗಳಲ್ಲಿ ನಾನು ಕಂಡಂತೆ ಹುಡುಗ ಮನೆಯಲ್ಲೇ ಉಳಿದ, ಅಪ್ಪನನ್ನು ಕರೆಸಿ ಮಾತನಾಡಿದರು. ಆದರೆ ಒಂದು ವಿಷಯದಲ್ಲಿ ಆಯ್ಕೆ ನಮ್ಮ ಕೈಯಲ್ಲಿಲ್ಲ: ಲೈಂಗಿಕ ದೌರ್ಜನ್ಯದ ಸುಳಿವು ಸಿಕ್ಕರೆ ಪೋಕ್ಸೊ ಕಾಯ್ದೆಯಡಿ ತಿಳಿಸಲೇಬೇಕು, ಹುಡುಗ ಬೇಡವೆಂದರೂ.

ಉಳಿದ ಸಂದರ್ಭಗಳಲ್ಲಿ ಅವನ ಒಪ್ಪಿಗೆಯಿಂದಲೇ ಹೊರಡಬೇಕು, ಮತ್ತು ಇಲ್ಲಿಯೇ ನಾನು ಎಡವಿದ್ದು. ಆರಂಭದ ವರ್ಷಗಳಲ್ಲಿ ಒಬ್ಬ ಹುಡುಗನ ಕೈಗೆ ಕಾಲೇಜಿನ ಲೆಟರ್‌ಹೆಡ್ಡಿನಲ್ಲಿ "ಈತನ ವರ್ತನೆಯಲ್ಲಿ ಸಮಸ್ಯೆ ಇದ್ದು, ಪರೀಕ್ಷಿಸಲು ಕೋರಿದೆ" ಎಂದು ಬರೆದು, ದುಂಡು ಮೊಹರು ಹಾಕಿ ಕೊಟ್ಟೆ. ರಿಜಿಸ್ಟರಿನಲ್ಲಿ "ಕಳಿಸಿದ ದಿನಾಂಕ" ತುಂಬಿ ಕೆಲಸ ಮುಗಿಯಿತೆಂದುಕೊಂಡೆ. ಮೂರು ವಾರದ ಮೇಲೆ ಅವನು ಬಸ್ ಪಾಸ್ ತೆಗೆದಾಗ, ಅದರ ಪ್ಲಾಸ್ಟಿಕ್ ಕವರಿನೊಳಗೆ ನಾಲ್ಕು ಮಡಿಕೆಯಾಗಿದ್ದ ನನ್ನ ಪತ್ರ ಕಂಡಿತು. "ನನ್ನನ್ನು ಹುಚ್ಚ ಅಂತ ಬರೆದಿದ್ದೀರಲ್ಲ ಸಾರ್" ಎಂದ. ಅವತ್ತೇ ಸ್ಕೇಲು ಹಿಡಿದು ಆ ರಿಜಿಸ್ಟರಿನಲ್ಲಿ ಇನ್ನೊಂದು ಗೆರೆ ಎಳೆದು "ತಲುಪಿದ ದಿನಾಂಕ" ಎಂಬ ಕಾಲಂ ಸೇರಿಸಿದೆ. ಮೊದಲ ವರ್ಷ ಅದರಲ್ಲಿ ಖಾಲಿ ಬಿದ್ದ ಜಾಗಗಳನ್ನು ನೋಡಿ ನಾಚಿಕೆಯಾಯಿತು.

ಆಮೇಲಿನ ಪತ್ರಗಳಲ್ಲಿ ಕಂಡದ್ದನ್ನು ಮಾತ್ರ ಬರೆದೆ: ಯಾವ ದಿನದಿಂದ ತರಗತಿಗೆ ಬಂದಿಲ್ಲ, ಯಾವ ಮಾತನ್ನು ಅವನ ಬಾಯಿಂದಲೇ ಕೇಳಿದೆ, ಮನೆಯಲ್ಲಿ ಯಾರೊಂದಿಗೆ ಅವನಿಗೆ ಸಲುಗೆ. ಕಾಯಿಲೆಯ ಹೆಸರು ಹಾಕುವುದು ನಮ್ಮ ಕೆಲಸವಲ್ಲ. ಬರೆದದ್ದನ್ನು ಅವನಿಗೆ ಓದಿ ಹೇಳಿ, ಅವನು ತೆಗೆಯೆಂದ ಸಾಲನ್ನು ಸಾಧ್ಯವಾದರೆ ತೆಗೆದು, ಮೊದಲ ಭೇಟಿಗೆ ಯಾರಾದರೊಬ್ಬರು ಜೊತೆಗೆ ಹೋಗುವಂತೆ ನೋಡಿಕೊಂಡೆ. ನಿಮ್ಹಾನ್ಸ್‌ನ ಮಕ್ಕಳ ಮತ್ತು ಹದಿಹರೆಯದವರ ಮನೋವೈದ್ಯ ವಿಭಾಗಕ್ಕೆ ಹೋಗುವುದಾದರೆ, 18 ತುಂಬದವನಾದ್ದರಿಂದ ತಾಯಿಯೋ ತಂದೆಯೋ ಬರಬೇಕು. ಕೂಲಿ ಬಿಟ್ಟು ಬರುವ ತಾಯಿಗೆ ಒಂದು ದಿನದ ಸಂಬಳ ಹೋಗುತ್ತದೆಂಬುದನ್ನು ಮರೆಯದೆ ದಿನ ಗೊತ್ತುಮಾಡಿ. ಆಸ್ಪತ್ರೆ ಎಂಬ ಹೆಸರಿಗೇ ಹುಡುಗ ಹಿಂಜರಿದರೆ, ಯುವಜನ ಸೇವಾ ಇಲಾಖೆ ನಿಮ್ಹಾನ್ಸ್ ಜೊತೆಗೂಡಿ ನಡೆಸುವ ಯುವ ಸ್ಪಂದನದ ಮಾರ್ಗದರ್ಶಕರು ಅಥವಾ ಸರ್ಕಾರಿ ಆಸ್ಪತ್ರೆಗಳಲ್ಲಿ ಹದಿಹರೆಯದವರಿಗಿರುವ ಸ್ನೇಹ ಕ್ಲಿನಿಕ್ ಒಳ್ಳೆಯ ಮೊದಲ ಮೆಟ್ಟಿಲು.

ರಾತ್ರಿಪಾಳಿಯ ಬಗ್ಗೆ: 14 ತುಂಬಿ 18 ತುಂಬದವರನ್ನು ಸಂಜೆ 7ರಿಂದ ಬೆಳಿಗ್ಗೆ 8ರವರೆಗೆ ದುಡಿಸಿಕೊಳ್ಳುವುದು ಕಾನೂನಿಗೆ ವಿರುದ್ಧ. ಆದರೂ ಮೊದಲ ಹೆಜ್ಜೆಯಾಗಿ ಬರೀ ಆ ದೂರನ್ನು ಕೊಟ್ಟರೆ ಮನೆಗೆ ಬರುವ ಹಣ ನಿಲ್ಲುತ್ತದೆ, ಹುಡುಗ ನಿಮ್ಮ ಮೇಲೆ ಮುನಿಯುತ್ತಾನೆ. ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ಕೇಂದ್ರದ ಮಕ್ಕಳ ರಕ್ಷಣಾ ಯೋಜನೆಯಾದ ಮಿಷನ್ ವಾತ್ಸಲ್ಯದ ಪ್ರಾಯೋಜಕತ್ವದ, ಅಂದರೆ ಮಗು ಮನೆಯಲ್ಲೇ ಇರುವಂತೆ ಕುಟುಂಬಕ್ಕೆ ಕೊಡುವ ಹಣದ ನೆರವಿನ ಬಗ್ಗೆ ಜೊತೆಯಲ್ಲೇ ವಿಚಾರಿಸಿ. ತಿಂಗಳಿಗೆ 4,000 ರೂಪಾಯಿ. ತಾಯಿ ಒಂಟಿಯಾಗಿದ್ದರೆ, ತಂದೆತಾಯಿಗೆ ಮಾರಕ ಕಾಯಿಲೆಯಿದ್ದರೆ, ಮಗುವನ್ನು ನೋಡಿಕೊಳ್ಳಲು ಅವರು ಅಶಕ್ತರಾಗಿದ್ದರೆ ಪರಿಗಣಿಸುತ್ತಾರೆ. ನಗರದ ಕುಟುಂಬಕ್ಕೆ ವರ್ಷದ ಆದಾಯ ಮಿತಿ 96,000 ರೂಪಾಯಿ, ಅಂದರೆ ತಿಂಗಳಿಗೆ ಎಂಟು ಸಾವಿರ. ಬೆಂಗಳೂರಿನಲ್ಲಿ ಹೌಸ್‌ಕೀಪಿಂಗ್ ಕೆಲಸದ ಒಂದು ಸಂಬಳವೇ ಆ ಗೆರೆ ದಾಟುತ್ತದೆ. ಈ ಮಿತಿಯನ್ನು ಇಟ್ಟವರು ಇಲ್ಲಿ ಮನೆ ಬಾಡಿಗೆ ಕಟ್ಟಿದವರಿರಲಾರರು. ಆದರೂ ಅರ್ಜಿ ಹಾಕಿಸಿ, ಏಕೆಂದರೆ ಅದರ ನೆಪದಲ್ಲಾದರೂ ಘಟಕದವರು ಮನೆಗೆ ಬಂದು ನೋಡುತ್ತಾರೆ.

ಕಾಲೇಜಿಗೂ ಒಂದು ಮಾತು ಹೇಳಿ: ಹಾಜರಾತಿ ಕೊರತೆಯೆಂದು ಹೆಸರು ತೆಗೆದುಹಾಕುವ ಮೊದಲು ಪ್ರಾಂಶುಪಾಲರಿಗೆ ವಿಷಯ ಗೊತ್ತಿರಲಿ, ಮನೆಯ ಕಥೆಯಷ್ಟೂ ಗೊತ್ತಾಗಬೇಕಿಲ್ಲ. ಕಳಿಸಿದ ಹತ್ತು ದಿನದ ಮೇಲೆ ಹುಡುಗನನ್ನೇ ಕೇಳಿ, ಹೋದೆಯಾ, ಯಾರು ಸಿಕ್ಕರು, ಮತ್ತೆ ಯಾವತ್ತು ಬರಹೇಳಿದರು ಎಂದು. ಹೋಗಿಲ್ಲವೆಂದರೆ ಬೈಯಬೇಡಿ, ಬಸ್ಸಿಗೆ ದುಡ್ಡಿತ್ತೇ, ಅಮ್ಮನಿಗೆ ರಜೆ ಸಿಕ್ಕಿತ್ತೇ ಎಂದು ವಿಚಾರಿಸಿ, ಇನ್ನೊಂದು ದಿನ ಗೊತ್ತುಮಾಡಿ.