ಎರಡು ಎಕರೆಯ ಖಾಕಿ

ಹಾವೇರಿ ಕಡೆಯ ಇಪ್ಪತ್ತೈದರ ಹುಡುಗಿಯೊಬ್ಬಳ ಪತ್ರ ಮೂರು ದಿನದಿಂದ ನನ್ನ ಮೇಜಿನ ಮೇಲಿದೆ. ಬಿ.ಎ. ಆಗಿದೆ, ಪಿಎಸ್‌ಐ, ಅಂದರೆ ಪೊಲೀಸ್ ಸಬ್ ಇನ್‌ಸ್ಪೆಕ್ಟರ್, ಆಗುವ ಆಸೆ. ದಿನಾ ಬೆಳಗ್ಗೆ ಹೈಸ್ಕೂಲು ಮೈದಾನದಲ್ಲಿ ಓಡುತ್ತಾಳೆ. 2 ನಿಮಿಷದಲ್ಲಿ ಮುಗಿಸಬೇಕಾದ 400 ಮೀಟರನ್ನು ಎಂಟು ಸೆಕೆಂಡು ಮೊದಲೇ ಮುಗಿಸುತ್ತಾಳಂತೆ. ಆದರೆ ಟಿವಿ ಹಚ್ಚಿದರೆ ಲಾಠಿ, ಲಾಕಪ್ ಸಾವು. ‘ಏನಾದ್ರೂ ಆಗು, ಪೊಲೀಸ್ ಆಗಬ್ಯಾಡ’ ಅನ್ನುವ ಗೆಳತಿಯರು. ‘ಎಲ್ಲಾ ಲಂಚಕೋರರು’ ಎಂದು ಬೈಯುವ ಸೋದರಮಾವ. ಮಾತೇ ಆಡದ ಅಪ್ಪ. ಜನ ಉಗಿಯುವ ಕೆಲಸಕ್ಕೆ ಹೋಗಲೇ ಎಂಬುದು ಪ್ರಶ್ನೆ.

ಕೊನೆಯಲ್ಲಿ ಒಂದು ಸಾಲಿದೆ: ‘ಹೋಗೋದೇ ಆದ್ರೆ ಬೆಂಗಳೂರಲ್ಲಿ ಮಾವನಿಗೆ ಒಬ್ಬರು ಗೊತ್ತಂತೆ, ಎರಡು ಎಕರೆ ಮಾರಿದರೆ ಆಗುತ್ತದಂತೆ, ಅದಿರಲಿ.’

ಅದು ಹೇಗೆ ಇರಲಿ ತಾಯಿ? ಪತ್ರ ಶುರುವಾಗಬೇಕಾದದ್ದೇ ಅಲ್ಲಿಂದ.

545 ಪಿಎಸ್‌ಐ ಹುದ್ದೆಗಳ ಕಥೆ ನಿನಗೆ ಗೊತ್ತಿರಲೇಬೇಕು. 2021ರ ಅಕ್ಟೋಬರಿನಲ್ಲಿ ಪರೀಕ್ಷೆ, ಮರುವರ್ಷ ಹಗರಣ. ಬ್ಲೂಟೂತು, ತಿದ್ದಿದ ಓಎಂಆರ್ ಉತ್ತರ ಹಾಳೆ, ಕೊನೆಗೆ ಪೊಲೀಸ್ ನೇಮಕಾತಿ ವಿಭಾಗದ ಮುಖ್ಯಸ್ಥರಾಗಿದ್ದ ಹಿರಿಯ ಅಧಿಕಾರಿ, ಎಡಿಜಿಪಿಯದೇ ಬಂಧನ. ಮರುಪರೀಕ್ಷೆ ಆಗುವ ಹೊತ್ತಿಗೆ 2024ರ ಜನವರಿ. ಪ್ರಾಮಾಣಿಕವಾಗಿ ಬರೆದು ಪಾಸಾದವರೂ ಅಷ್ಟು ದಿನ ಬಾಡಿಗೆ ರೂಮುಗಳಲ್ಲಿ ಕಾದರು.

ಜನ ಸುಮ್ಮನೆ ಉಗಿಯುವುದಿಲ್ಲ. ಒಮ್ಮೆ ನನ್ನ ಚಿಕ್ಕಮ್ಮನ ಸರ ಬಸ್ಸಿನಲ್ಲಿ ಹೋಯಿತು. ಠಾಣೆಯ ರೈಟರ್ ತಲೆಯೆತ್ತದೆ ‘ನಮ್ ಲಿಮಿಟ್ಸ್‌ಗೆ ಬರಲ್ಲಮ್ಮ’ ಅಂದ. ಮುಂದಿನ ಠಾಣೆಯಲ್ಲೂ ಅದೇ ಮಾತು. ಬರಿ ಕುತ್ತಿಗೆಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಆಕೆ ಆಟೊ ಹತ್ತಿದ್ದು ಇನ್ನೂ ಕಣ್ಣಲ್ಲಿದೆ. ಈಗ, 2024ರ ಜುಲೈ 1ರಿಂದ ಹಳೇ ಸಿಆರ್‌ಪಿಸಿ ಜಾಗದಲ್ಲಿ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನ ಪ್ರಕಾರ, ಇಂಥ ಅಪರಾಧ ಎಲ್ಲೇ ನಡೆದಿದ್ದರೂ ಯಾವ ಠಾಣೆಯಲ್ಲಾದರೂ ದೂರು ಬರೆದುಕೊಳ್ಳಬೇಕು. ಬರೆಸಿಕೊಳ್ಳಬೇಕಾದವರು ಪಿಎಸ್‌ಐ. ಎರಡು ಎಕರೆ ಮಾರಿ ಆ ಕುರ್ಚಿಗೆ ಬಂದವಳು ಹೊಲದ ದುಡ್ಡನ್ನು ಯಾರಿಂದ ವಸೂಲು ಮಾಡಬೇಕು? ಎದುರಿಗೆ ನಿಂತ ಚಿಕ್ಕಮ್ಮಂದಿರಿಂದಲೇ ತಾನೇ? ನಿನ್ನ ಮಾವ ಬೈಯುತ್ತಿರುವ ಪೊಲೀಸರನ್ನು ತಯಾರು ಮಾಡುವುದು ನಿನ್ನ ಮಾವನಂಥವರೇ.

ಅಂಕಣ ಓದುವವರಿಗೆ ನನ್ನ ಹಳೇ ರಾಗ ಗೊತ್ತು: ಮನೆಮಗಳ ಕೆಲಸ, ಮದುವೆಗಳನ್ನು ಚಾ ಕುಡಿಯಲು ಬಂದ ನೆಂಟರು ತೀರ್ಮಾನಿಸಬಾರದು. ಗೆಳತಿಯರ ಮಾತು ಬಿಡು, ನಾಳೆ ಸ್ಕೂಟಿ ಕಳೆದರೆ ನಿನಗೇ ಫೋನು ಮಾಡುತ್ತಾರೆ. ಅಪ್ಪನ ಮೇಲೆ ಮಾತ್ರ ಸಿಟ್ಟಾಗಬೇಡ. ಸುಮ್ಮನಿರುವ ಆ ಮನುಷ್ಯ ಮನಸ್ಸಿನಲ್ಲೇ ಹೊಲ ಅಳೆಯುತ್ತಿರಬಹುದು.

ಹೋಗು, ಧಾರಾಳವಾಗಿ ಹೋಗು. ಅದಕ್ಕೆ ಮುಂಚೆ ಇವತ್ತು ರಾತ್ರಿ ಅಪ್ಪನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಸ್ಪೀಕರ್ ಹಾಕಿ ಮಾವನಿಗೆ ಫೋನು ಮಾಡು. ‘ಮಾವಾ, ಒಂದು ಗುಂಟೆನೂ ಮಾರೋದಿಲ್ಲ. ಆ ಬೆಂಗಳೂರಿನವರ ನಂಬರು ಅಳಿಸಿ ಹಾಕ್ರಿ’ ಅನ್ನು. ಅವನು ಏನಾದರೂ ಹೇಳಲಿ, ಅಪ್ಪ ಕೇಳಿಸಿಕೊಂಡರೆ ಸಾಕು.