ಓದುಗರ ಪ್ರಶ್ನೆ: ಬೆಂಗಳೂರಿನ ಪೂಲಿನಿಂದ ಹತ್ತು ಕಿಲೋಮೀಟರ್ ಕಡಲಿಗೆ

ಕಡಲ ರಕ್ಷಣೆಗಾಗಿ ದೂರ ಈಜುವ ಬಗ್ಗೆ ಬಂದ ಪತ್ರಗಳಿಗೆ ಈ ಸಲ ನಮ್ಮ ಈಜು ಮತ್ತು ಕಡಲ ವಿಷಯದ ಬಳಗ ಉತ್ತರಿಸಿದೆ.

ಪ್ರಶ್ನೆ: ನಮ್ಮ ಆಫೀಸಿನ ಐದು ಜನ ಡಿಸೆಂಬರಿನಲ್ಲಿ ಕರಾವಳಿಯಲ್ಲಿ 10 ಕಿ.ಮೀ. ಈಜಿ ‘ಕಡಲು ಉಳಿಸಿ’ ಎಂದು ಪ್ರಚಾರ ಮಾಡಬೇಕೆಂದಿದ್ದೇವೆ. ನೀವು ಈಜಿದರೆ ಕಡಲಿಗೇನು ಬಂತು ಎಂದು ಮನೆಯವರು ಕೇಳುತ್ತಾರೆ. — ಜಯನಗರದ ಓದುಗರು

ಉತ್ತರ: ಮನೆಯವರು ಕೇಳಿದ್ದು ಸರಿಯಾಗಿಯೇ ಇದೆ. ಬರೀ ಈಜಿನಿಂದ ಕಡಲಿಗೆ ಏನೂ ಬರುವುದಿಲ್ಲ. ಕಡಲ ರಕ್ಷಣೆಗಾಗಿ ಈಜುವ ಬ್ರಿಟನ್ನಿನ ಲೂಯಿಸ್ ಪ್ಯೂ 2015ರಲ್ಲಿ ಅಂಟಾರ್ಕ್ಟಿಕದ ರಾಸ್ ಸಮುದ್ರದಲ್ಲಿ ಬರೀ ಈಜುಚಡ್ಡಿಯಲ್ಲಿ ಈಜಿದರು. ಸುದ್ದಿಯಾಯಿತು. ಆದರೆ ಕೆಲಸ ಶುರುವಾದದ್ದು ಆಮೇಲೆ: ಆ ಸಮುದ್ರವನ್ನು ಸಂರಕ್ಷಿತ ಪ್ರದೇಶ ಮಾಡಬೇಕೆಂಬ ಒಂದೇ ಬೇಡಿಕೆ ಹಿಡಿದು, ಒಪ್ಪದೆ ಕೂತಿದ್ದ ರಷ್ಯಾದವರ ಜೊತೆ ಮಾತಿಗೆ ಮಾಸ್ಕೋಗೆ ಅಲೆದರು. 2016ರ ಅಕ್ಟೋಬರಿನಲ್ಲಿ 24 ದೇಶಗಳೂ ಐರೋಪ್ಯ ಒಕ್ಕೂಟವೂ ಒಪ್ಪಿದವು, ಸುಮಾರು 15.5 ಲಕ್ಷ ಚದರ ಕಿ.ಮೀ. ಸಂರಕ್ಷಿತವಾಯಿತು. ಅದರ ಹಿಂದೆ ವಿಜ್ಞಾನಿಗಳ ವರ್ಷಗಟ್ಟಲೆ ದುಡಿಮೆಯೂ ಇತ್ತು. ಈಜು ಬಾಗಿಲು ತೆರೆಸಿತು, ಅಷ್ಟೆ.

‘ಕಡಲು ಉಳಿಸಿ’ ಎಂದರೆ ಬೇಡ ಅನ್ನುವವರು ಯಾರೂ ಇಲ್ಲ, ಅದಕ್ಕೇ ಯಾರೂ ಏನೂ ಮಾಡುವುದೂ ಇಲ್ಲ. ಕೇಳುವುದು ಚಿಕ್ಕದಿರಲಿ, ಯಾರನ್ನು ಕೇಳುತ್ತೀರಿ ಎಂಬುದು ಗೊತ್ತಿರಲಿ. ಆಮೆ ಮೊಟ್ಟೆಯಿಡುವ ತಿಂಗಳುಗಳಲ್ಲಿ ಇಂಥ ದಂಡೆಯ ಫ್ಲಡ್‌ಲೈಟ್ ಆರಿಸಿ ಎಂದು ಆ ಊರಿನ ಪಂಚಾಯಿತಿಯನ್ನು ಕೇಳಬಹುದು; ಮರಿಗಳು ಬೆಳಕು ಕಂಡ ಕಡೆ ಹೊರಟು ನೀರಿನ ದಾರಿ ತಪ್ಪುತ್ತವೆ. ಊರಿನ ಮೀನುಗಾರರ ಜೊತೆ ಮೊದಲೇ ಕೂತು ಮಾತಾಡಿ. ದೋಣಿಯೂ ಅವರದೇ, ನೀರಿನ ಸೆಳೆತ ಬಲ್ಲವರೂ ಅವರೇ.

ಪ್ರಶ್ನೆ: ಪೂಲಿನಲ್ಲಿ ನಿಲ್ಲದೆ 3 ಕಿ.ಮೀ. ಈಜುತ್ತೇನೆ. ಕಡಲಿಗೆ ಹೇಗೆ ತಯಾರಾಗಲಿ? — ಬಸವನಗುಡಿಯ ಓದುಗರು

ಉತ್ತರ: 50 ಮೀಟರ್ ಪೂಲಿನಲ್ಲಿ 3 ಕಿ.ಮೀ. ಎಂದರೆ 59 ಸಲ ತಿರುಗುತ್ತೀರಿ. ಪ್ರತಿ ಸಲ ಗೋಡೆ ಒದ್ದಾಗ ನಾಲ್ಕೈದು ಮೀಟರ್ ಪುಕ್ಕಟೆ, ಭುಜಕ್ಕೂ ಅರೆಗಳಿಗೆ ವಿಶ್ರಾಂತಿ. ಕಡಲಲ್ಲಿ ಗೋಡೆ ಇಲ್ಲ. ಆದ್ದರಿಂದ ವಾರಕ್ಕೊಂದು ದಿನ ಗೋಡೆ ಮುಟ್ಟದೆ, ಎರಡು ಮೀಟರ್ ಮೊದಲೇ ನೀರಿನಲ್ಲೇ ತಿರುಗಿ. ನಿಮ್ಮ ನಿಜವಾದ ವೇಗ ಆಗ ಗೊತ್ತಾಗುತ್ತದೆ, ಬೇಜಾರೂ ಆಗುತ್ತದೆ.

ಎರಡನೆಯದು ದಿಕ್ಕು. ಲೇನ್ ಖಾಲಿ ಇರುವಾಗ ಕಣ್ಣು ಮುಚ್ಚಿ 15 ಕೈ ಹೊಡೆಯಿರಿ. ಯಾವ ಕಡೆಯ ಹಗ್ಗಕ್ಕೆ ತಾಗುತ್ತೀರೋ ಕಡಲಲ್ಲೂ ಆ ಕಡೆಗೇ ವಾಲುತ್ತೀರಿ. ಸಾಮಾನ್ಯವಾಗಿ ಒಂದೇ ಬದಿಗೆ ಉಸಿರು ತೆಗೆಯುವುದರಿಂದ ಹೀಗಾಗುತ್ತದೆ. ಎರಡೂ ಬದಿ ರೂಢಿಸಿಕೊಳ್ಳಿ. ಎಂಟು ಹತ್ತು ಕೈಗೊಮ್ಮೆ ಮೊಸಳೆಯಂತೆ ಕಣ್ಣಷ್ಟೇ ಮೇಲೆತ್ತಿ ಗುರಿ ನೋಡಿ. ಪೂರ್ತಿ ತಲೆ ಎತ್ತಿದರೆ ಸೊಂಟ ಮುಳುಗುತ್ತದೆ, ಒಂದು ಗಂಟೆಯಲ್ಲಿ ಕತ್ತು ಹಿಡಿಯುತ್ತದೆ.

ನಮ್ಮೂರಿನ ಪೂಲುಗಳಲ್ಲಿ ಒಂದು ಬ್ಯಾಚ್ ಒಂದು ಗಂಟೆಯೊಳಗೆ ಮುಗಿಯುವುದೇ ಹೆಚ್ಚು. ಹಾಗಾಗಿ ಭಾನುವಾರ ಬೆನ್ನುಬೆನ್ನಿಗೆ ಎರಡು ಬ್ಯಾಚಿಗೆ ದುಡ್ಡು ಕಟ್ಟಿ. ವಾರದ ಒಟ್ಟು ದೂರವನ್ನು ಸುಮಾರು ಶೇ 10ರಂತೆ ಮಾತ್ರ ಏರಿಸಿ, ಭುಜದ ನೋವು ಹೆಚ್ಚಾಗಿ ಬರುವುದು ಆತುರದಿಂದ. ಒಂದೇ ಸಲಕ್ಕೆ 7 ಕಿ.ಮೀ. ದಾಟಿದರೆ 10ಕ್ಕೆ ಸಾಕು.

ಚಳಿಯ ಭಯ ಬಿಡಿ, ನಮ್ಮ ಕರಾವಳಿಯಲ್ಲಿ ಹೆದರಬೇಕಾದ್ದು ಸೆಕೆಗೆ. ಸ್ಪರ್ಧೆಗಳ ಅಂತರರಾಷ್ಟ್ರೀಯ ನಿಯಮದಲ್ಲಿ ನೀರು 31 ಡಿಗ್ರಿ ಸೆಲ್ಸಿಯಸ್ ದಾಟಬಾರದು. 2010ರಲ್ಲಿ ಯುಎಇಯ ಫುಜೈರಾದಲ್ಲಿ ಬೆಚ್ಚನೆ ನೀರಿನ 10 ಕಿ.ಮೀ. ಸ್ಪರ್ಧೆಯಲ್ಲಿ ಅಮೆರಿಕದ ಫ್ರಾನ್ ಕ್ರಿಪ್ಪೆನ್ ತೀರಿಕೊಂಡರು. ಬೆಳಕು ಹರಿಯುತ್ತಲೇ ಇಳಿಯಿರಿ. ಮಾತು ತೊದಲಿದರೆ, ದಿಕ್ಕು ತಪ್ಪಿದರೆ ಜೊತೆಯ ದೋಣಿಯವರು ಈಜುವವರ ಮಾತು ಕೇಳದೆ ಎಳೆದು ದೋಣಿಗೆ ಹಾಕಲಿ.

ಪ್ರಶ್ನೆ: ಕುಡಿಯಲು ಓಆರ್‌ಎಸ್ ಒಂದೇ ಸಾಕೇ? — ಮಲ್ಲೇಶ್ವರದ ಓದುಗರು

ಉತ್ತರ: ಸಾಲದು. ಒಂದು ಲೀಟರ್ ಓಆರ್‌ಎಸ್‌ನಲ್ಲಿ ಗ್ಲೂಕೋಸ್ ಇರುವುದು 13.5 ಗ್ರಾಂ, ನಿಮಗೆ ಬೇಕಾದ್ದು ಗಂಟೆಗೆ 60 ಗ್ರಾಂ ಶರ್ಕರಪಿಷ್ಟ (ಕಾರ್ಬೋಹೈಡ್ರೇಟ್). ಅರ್ಧ ಗಂಟೆಗೊಮ್ಮೆ 250 ಮಿ.ಲೀ. ನೀರಿನಲ್ಲಿ 30 ಗ್ರಾಂ ಮಾಲ್ಟೊಡೆಕ್ಸ್‌ಟ್ರಿನ್ (ಸಿಹಿ ಕಡಿಮೆಯಿರುವ, ಪಿಷ್ಟದಿಂದ ಮಾಡಿದ ಪುಡಿ) ಕಲಸಿ, ಒಂದು ಚಿಟಿಕೆ ಉಪ್ಪು ಹಾಕಿ. ಅಷ್ಟೇ ಸಕ್ಕರೆ ಹಾಕಿದರೆ ಅತಿ ಸಿಹಿಯಾಗಿ ಹೊಟ್ಟೆ ತೊಳಸುತ್ತದೆ. ಬಾಟಲಿಗೆ ಹಗ್ಗ ಕಟ್ಟಿ ದೋಣಿಯಿಂದ ಎಸೆಯಿರಿ, ಈಜುಗಾರ ದೋಣಿ ಮುಟ್ಟಬಾರದು. ಉಪ್ಪುನೀರಿಗೆ ನಾಲಿಗೆ, ಗಂಟಲು ಊದಿಕೊಳ್ಳುತ್ತವೆ. ಪ್ರತಿ ಸಲ ಕೊನೆಗೊಂದು ಗುಟುಕು ಸಾದಾ ನೀರಿನಲ್ಲಿ ಬಾಯಿ ಮುಕ್ಕಳಿಸಿ.

ಪ್ರಶ್ನೆ: ಈಜುತ್ತಲೇ ಬಲೆ ಎಳೆದು ಮೈಕ್ರೋಪ್ಲಾಸ್ಟಿಕ್ ಸಂಗ್ರಹಿಸಬಹುದೇ? — ವೈಟ್‌ಫೀಲ್ಡ್‌ನ ಓದುಗರು

ಉತ್ತರ: ನೀವು ಎಳೆಯಬೇಡಿ, ದೋಣಿ ಎಳೆಯಲಿ. 0.33 ಮಿ.ಮೀ. ಕಣ್ಣಿನ ಬಲೆಯನ್ನು ಚೌಕಟ್ಟಿಗೆ ಕಟ್ಟಿ, ನೀರಿನ ಮೇಲ್ಮೈಯಲ್ಲಿ, ದೋಣಿಯ ಪಕ್ಕಕ್ಕೆ ಬಿಡಬೇಕು. ಹಿಂದೆ ಬಿಟ್ಟರೆ ಪ್ರೊಪೆಲ್ಲರ್ ಕಲಕಿದ ನೀರು ಸಿಗುತ್ತದೆ. ಈಜುಗಾರರು ಆಚೆ ಬದಿಯಲ್ಲಿರಲಿ. ಬಲೆಯ ಬಾಯಿ 60 ಸೆಂ.ಮೀ. ಅಗಲವಿದ್ದು 1 ಕಿ.ಮೀ. ಎಳೆದರೆ 600 ಚದರ ಮೀಟರ್ ಮೇಲ್ಮೈ ಸೋಸಿದಂತೆ. ಗಂಟೆಗೆ 3 ಕಿ.ಮೀ. ಈಜುವವರ ಜೊತೆ ಅದಕ್ಕೆ 20 ನಿಮಿಷ ಬೇಕು. ಆಮೇಲೆ ಬಲೆಯನ್ನು ಹೊರಗಿನಿಂದಲೇ ತೊಳೆದು ಎಲ್ಲವನ್ನೂ ತುದಿಗೆ ಇಳಿಸಿ. ಒಳಗೆ ನೀರು ಹೊಯ್ದರೆ ಸೋಸದ ನೀರಿನ ಕಸವೂ ಲೆಕ್ಕಕ್ಕೆ ಸೇರುತ್ತದೆ. ಗಾಜಿನ ಬಾಟಲಿಗೆ ತುಂಬಿ.

ಇಲ್ಲಿ ಕೆಡುವುದೇ ಹೆಚ್ಚು. ದೋಣಿಯ ನೀಲಿ ಹಗ್ಗದ ಎಳೆ, ಉದುರಿದ ಪೇಂಟು, ನಿಮ್ಮ ಪಾಲಿಯೆಸ್ಟರ್ ಟೀ ಶರ್ಟಿನ ನೂಲು ಎಲ್ಲವೂ ಕಡಲ ಪ್ಲಾಸ್ಟಿಕ್ಕಿನ ಹಾಗೇ ಕಾಣುತ್ತವೆ. ಹಗ್ಗದ ತುಂಡು, ಪೇಂಟಿನ ಚಕ್ಕೆ ಬೇರೆ ಇಟ್ಟುಕೊಳ್ಳಿ, ಹೋಲಿಸಿ ತೆಗೆದುಹಾಕಲು. ದೋಣಿಯಲ್ಲಿರುವವರು ಹತ್ತಿ ಬಟ್ಟೆ ಹಾಕಲಿ. ಸೋಸುವಷ್ಟು ಹೊತ್ತು ಒಂದು ಬಾಟಲಿ ಶುದ್ಧ ನೀರು ತೆರೆದಿಡಿ. ಅದರಲ್ಲಿ ಬಿದ್ದದ್ದು ಗಾಳಿಯಿಂದ ಬಂದದ್ದು.

ಪ್ರಶ್ನೆ: ಯಾವ ಸನ್‌ಸ್ಕ್ರೀನ್ ಹವಳಕ್ಕೆ ಹಾನಿಯಿಲ್ಲ? — ಕೋರಮಂಗಲದ ಓದುಗರು

ಉತ್ತರ: ಹವಾಯಿಯಲ್ಲಿ 2021ರಿಂದ ಆಕ್ಸಿಬೆನ್‌ಝೋನ್, ಆಕ್ಟಿನಾಕ್ಸೇಟ್ ಎಂಬ ರಾಸಾಯನಿಕಗಳು ಹವಳಕ್ಕೆ ಹಾನಿಯೆಂದು, ಅವು ಇರುವ ಕ್ರೀಮಿನ ಮಾರಾಟಕ್ಕೆ ನಿಷೇಧವಿದೆ. ಲೇಬಲ್ ಓದಿ, ಜಿಂಕ್ ಆಕ್ಸೈಡಿನದು ಕೊಳ್ಳಿ. ತೋಳು ಮುಚ್ಚುವ ಈಜುಡುಗೆ ಇನ್ನೂ ಮೇಲು. ಕಂಕುಳು, ಕತ್ತು ಉಜ್ಜಿ ಗಾಯವಾಗದಿರಲು ವ್ಯಾಸಲೀನ್ ಬೇರೆಯವರ ಕೈಯಿಂದ ಹಚ್ಚಿಸಿಕೊಳ್ಳಿ. ಜಿಡ್ಡು ಬೆರಳಿನಿಂದ ಗಾಗಲ್ಸ್ ಮುಟ್ಟಿದಿರೋ, ದಾರಿಯುದ್ದಕ್ಕೂ ಮಂಜು.

ಪ್ರಶ್ನೆ: ಬೆಳ್ಳಂದೂರು ಕೆರೆಯ ನೊರೆಯ ವಿರುದ್ಧ ಮಲ್ಪೆಯಲ್ಲಿ ಈಜಿದರೆ? — ಬೆಳ್ಳಂದೂರಿನ ಓದುಗರು

ಉತ್ತರ: ದಿಕ್ಕು ತಪ್ಪಿತು. ಬೆಳ್ಳಂದೂರಿನ ನೀರು ವರ್ತೂರಿಗಿಳಿದು ದಕ್ಷಿಣ ಪಿನಾಕಿನಿ ಸೇರಿ, ತಮಿಳುನಾಡಿನ ಕಡಲೂರಿನ ಬಳಿ ಬಂಗಾಳ ಕೊಲ್ಲಿಗೆ ಹೋಗುತ್ತದೆ. ವೃಷಭಾವತಿಯೂ ಅರ್ಕಾವತಿ, ಕಾವೇರಿಯ ಮೂಲಕ ಅತ್ತಲೇ. ಮಲ್ಪೆಯಲ್ಲಿ ಈಜುವುದಾದರೆ ಮಲ್ಪೆಯ ಕಸದ ಮಾತಾಡಿ. ಕೆರೆಯಲ್ಲಿ ಮಾತ್ರ ಅಭ್ಯಾಸಕ್ಕೂ ಇಳಿಯಬೇಡಿ.