ಅರ್ಧ ಮಿದುಳಿನ ಆಪರೇಷನ್ ಆದ ಮೇಲೆ ಮಗಳು ಮಾತಾಡ್ತಾಳಾ?

ಪ್ರಶ್ನೆ: ಡಾಕ್ಟರ್ ಸಾಹೇಬ್ರೇ, ನನ್ನ ಮಗಳಿಗೆ ಆರು ವರ್ಷ. ಹುಟ್ಟುವ ಹೊತ್ತಿಗೇ ಮಿದುಳಿನ ಎಡಭಾಗಕ್ಕೆ ರಕ್ತ ಹೋಗದೆ ಪೆಟ್ಟಾಗಿದೆಯಂತೆ. ಬಲಗೈ ಸರಿಯಾಗಿ ಆಡಲ್ಲ. ಮಾತು ತಡವಾಗಿ ಬಂತು, ಈಗ ಮಾತಾಡ್ತಾಳೆ. ಮೂರು ಥರದ ಮಾತ್ರೆ ಕೊಟ್ಟರೂ ದಿನಾ ಫಿಟ್ಸ್ ಬರುತ್ತೆ. ಎಡಗಡೆಯ ಅರ್ಧ ಮಿದುಳಿನ ಸಂಪರ್ಕ ಕಡಿಯಬೇಕು ಅಂತ ಬೆಂಗಳೂರಿನಲ್ಲಿ ಹೇಳಿದ್ದಾರೆ. ಮಾತು ಎಡಭಾಗದಲ್ಲೇ ಇರುತ್ತಲ್ವಾ? ನಮ್ಮತ್ತೆ ಬ್ಯಾಡೇ ಬ್ಯಾಡ ಅಂತಾರೆ.
– ಒಬ್ಬ ತಾಯಿ, ಜೇವರ್ಗಿ ತಾಲ್ಲೂಕು, ಕಲಬುರಗಿ ಜಿಲ್ಲೆ

ಉತ್ತರ: ತಾಯಿ, ಹೆಚ್ಚಿನವರಿಗೆ ಮಾತು ಎಡಭಾಗದಲ್ಲೇ ಇರುತ್ತೆ, ನಿಜ. ಆದರೆ ನಿಮ್ಮ ಮಗಳ ಎಡಭಾಗ ಹುಟ್ಟುವಾಗಲೇ ಕೆಟ್ಟಿದೆ. ಹಾಗಿದ್ದೂ ಮಾತು ಬಂದಿದೆ ಅಂದರೆ, ಬಲಭಾಗ ಆ ಕೆಲಸ ಆಗಲೇ ವಹಿಸಿಕೊಂಡಿರುವ ಸಾಧ್ಯತೆ ಜಾಸ್ತಿ. ಎಳೆ ಮಿದುಳಿಗೆ ಆ ಶಕ್ತಿ ಇದೆ. ಒಂದು ದಾರಿ ಕೆಟ್ಟರೆ ನರಕೋಶಗಳು ಬೇರೆ ಕಡೆ ಸಂಪರ್ಕ ಬೆಳೆಸಿಕೊಳ್ಳುತ್ತವೆ. ಮಾತು ಯಾವ ಕಡೆ ಇದೆ ಅಂತ, ಮಿದುಳಿನ ಯಾವ ಭಾಗ ಕೆಲಸ ಮಾಡುತ್ತಿದೆ ಎಂದು ತೋರಿಸುವ ಫಂಕ್ಷನಲ್ ಎಂಆರ್‌ಐನಲ್ಲಿ ನೋಡಬಹುದು, ಆದರೆ ಮಗು ಅಲ್ಲಾಡದೆ ಮಲಗಬೇಕು.

ಎಲ್ಲವೂ ಹೀಗೆ ಜಾಗ ಬದಲಿಸುವುದಿಲ್ಲ, ಅದನ್ನೂ ಹೇಳಿಬಿಡುತ್ತೇನೆ. ಮಿದುಳಿನ ಎಡಭಾಗ ಆಳುವುದು ಮೈಯ ಬಲಗಡೆಯನ್ನು. ಆಪರೇಷನ್ ಆದ ಮೇಲೆ ಸಾಮಾನ್ಯವಾಗಿ ಮಕ್ಕಳು ನಡೆಯುತ್ತಾರೆ, ಆದರೆ ಬಲಗೈ ಬೆರಳುಗಳ ಸೂಕ್ಷ್ಮ ಕೆಲಸ ಬರುವುದಿಲ್ಲ. ರೊಟ್ಟಿಯನ್ನು ಬಲಗೈಯಲ್ಲಿ ಒತ್ತಿ ಹಿಡಿದು ಎಡಗೈಯಲ್ಲಿ ಮುರಿದಾಳು, ಬಲಗೈಯಿಂದ ಗುಂಡಿ ಹಾಕಲಾರಳು. ಎರಡೂ ಕಣ್ಣಿಗೆ ಬಲಗಡೆಯ ನೋಟ ಇರುವುದಿಲ್ಲ, ಅದು ಮರಳುವುದೂ ಇಲ್ಲ. ಬಲಗಡೆಯಿಂದ ಬರುವ ಬೈಕ್ ಕಾಣುವುದಿಲ್ಲ, ಕತ್ತು ತಿರುಗಿಸಿ ನೋಡುವುದನ್ನು ಕಲಿಸಬೇಕು. ಇದರಲ್ಲಿ ಎಷ್ಟು ಈಗಾಗಲೇ ಹೋಗಿದೆ, ಎಷ್ಟು ಹೊಸದಾಗಿ ಹೋಗುತ್ತೆ ಅಂತ ಸರ್ಜನ್ ಹತ್ತಿರ ಬಿಡಿಸಿ ಕೇಳಿ. ರಕ್ತಸ್ರಾವ, ಸೋಂಕು, ತಲೆಯಲ್ಲಿ ನೀರು ತುಂಬುವ ಅಪಾಯದ ಬಗ್ಗೆಯೂ ಕೇಳಿ.

ಹಾಗಾದರೆ ಸುಮ್ನೆ ಕಾಯಬಾರದಾ? ನನ್ನ ಅಭಿಪ್ರಾಯ, ಕಾಯಬೇಡಿ. ಫಿಟ್ಸ್ ಒಂದೇ ಜಾಗದಲ್ಲಿ ಹುಟ್ಟಿದರೂ ನರಕೋಶಗಳ ಜಾಲ ಹಿಡಿದು ಹರಡುತ್ತೆ, ದಿನಾ ಬಂದರೆ ಚೆನ್ನಾಗಿರುವ ಬಲಭಾಗದ ಕಲಿಕೆಯೂ ಕೆಡುತ್ತೆ. ವಯಸ್ಸಾದಷ್ಟೂ ಮಿದುಳು ಹೊಂದಿಕೊಳ್ಳುವುದು ಕಷ್ಟ. ಸರಿಯಾಗಿ ಆರಿಸಿ ಕೊಟ್ಟ ಎರಡು ಔಷಧಿಗೂ ಬಗ್ಗದಿದ್ದರೆ, ಮೂರನೆಯದರಿಂದ ಪೂರ್ತಿ ನಿಲ್ಲುವ ಸಾಧ್ಯತೆ ಕಮ್ಮಿ. ದೆಹಲಿಯ ಏಮ್ಸ್ ವೈದ್ಯರು 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಔಷಧಿಗೆ ಬಗ್ಗದ ಫಿಟ್ಸ್ ಇದ್ದ ಮಕ್ಕಳಿಗೆ ಬೇರೆ ಬೇರೆ ಬಗೆಯ ಆಪರೇಷನ್ ಮಾಡಿದ್ದರು. ಒಂದು ವರ್ಷದ ನಂತರ ಅವರಲ್ಲಿ 100ಕ್ಕೆ 77 ಮಂದಿಗೆ ಫಿಟ್ಸ್ ಇರಲಿಲ್ಲ. ಔಷಧಿ ಮಾತ್ರ ಪಡೆದವರಲ್ಲಿ ಫಿಟ್ಸ್ ಇಲ್ಲದಿದ್ದವರು 100ಕ್ಕೆ 7 ಮಂದಿ ಅಷ್ಟೇ.

ವಿಡಿಯೋ ಇಇಜಿ ಆಗಿದೆಯಾ? ಮಿದುಳಿನ ವಿದ್ಯುತ್ ಚಟುವಟಿಕೆ ದಾಖಲಿಸಲು ತಲೆಗೆ ವೈರ್ ಅಂಟಿಸಿ, ಕ್ಯಾಮೆರಾ ಇಟ್ಟು, ಫಿಟ್ಸ್ ಬರುವವರೆಗೆ ಕಾಯುತ್ತಾರೆ. ಬಲಭಾಗದಿಂದ ಫಿಟ್ಸ್ ಹುಟ್ಟುತ್ತಿಲ್ಲ ಅಂತ ಗೊತ್ತಾಗಬೇಕು. ನಿಮ್ಹಾನ್ಸ್‌ನಲ್ಲೂ ಈ ಪರೀಕ್ಷೆ, ಆಪರೇಷನ್ ಎರಡೂ ಇವೆ. ಇನ್ನೊಂದು ಅಭಿಪ್ರಾಯ ಬೇಕಿದ್ದರೆ ಅಲ್ಲಿ ಕೇಳಬಹುದು. ಹೋಗುವಾಗ ಅತ್ತೆಯವರನ್ನೂ ಕರೆದುಕೊಂಡು ಹೋಗಿ.

ಅಲ್ಲಿಯವರೆಗೆ ಒಂದು ಹೊತ್ತಿನ ಮಾತ್ರೆಯೂ ತಪ್ಪಬಾರದು, ರಾತ್ರಿ ರೈಲಿನಲ್ಲೂ ಕೈಚೀಲದಲ್ಲೇ ಇರಲಿ. ಆಪರೇಷನ್ ಆದ ಮೇಲೂ ನೀವಾಗಿ ನಿಲ್ಲಿಸಬೇಡಿ. ಫಿಟ್ಸ್ ಬಂದಾಗ ಮಗುವನ್ನು ಒಂದು ಮಗ್ಗುಲಿಗೆ ಹೊರಳಿಸಿ. ಈರುಳ್ಳಿ, ಕಬ್ಬಿಣ ಎಲ್ಲ ಬೇಡ, ಬಾಯಿಗೆ ಏನೂ ಹಾಕಬೇಡಿ. 5 ನಿಮಿಷ ದಾಟಿದರೆ ಹತ್ತಿರದ ಆಸ್ಪತ್ರೆಗೆ ಹೊರಡಿ.